ನಮ್ಮಪ್ಪನ ಚೀನಿ ಹಲ್ಲು, ನೀವು ಒಯ್ದ ಪುಸ್ತಕ

ಶಾಲಾ ತಪಾಸಣೆಗೆ ಬಂದು ಹೋದ ಸಾಹೇಬರೇ,

ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಎಪ್ಪತ್ತು ದಾಟಿದ ಮೇಲೆ ನನ್ನ ಕೈಗೆ ಪೆನ್ನು ಹಿಡಿಸಿದ್ದೀರಿ. ಬೆರಳು ನೋಯುತ್ತವೆ, ಸಿಟ್ಟು ಅದಕ್ಕಿಂತ ಹೆಚ್ಚಿದೆ. ಬಾಯಿಂದಲೇ ಹೇಳೋಣವೆಂದು ನಿಮ್ಮ ಕಚೇರಿಗೆ ಬಂದರೆ ಬಂದಾಗೆಲ್ಲ ನೀವು ಮೀಟಿಂಗಿನಲ್ಲಿ. ಹಾಗಾದರೆ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಮ್ಮೂರ ಶಾಲೆಯ ನಿಲೋಫರ್ ಟೀಚರ್ ಒಂಬತ್ತನೇ ಇಯತ್ತೆಯವರಿಗೆ ಓದಿಸುತ್ತಿದ್ದ ಚಿತ್ರಕಥೆಯ ಪುಸ್ತಕವನ್ನು ನೀವು ಕಸಿದುಕೊಂಡು ಚೀಲಕ್ಕೆ ಹಾಕಿಕೊಂಡು ಹೋದಿರಿ. ಟೀಚರಿಗೆ ನೋಟಿಸು ಬೇರೆ. ಅಸ್ಸಾಮಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳು ತನ್ನ ಬಾಳನ್ನು ತಾನೇ ಚಿತ್ರ ಬರೆದು ಹೇಳಿದ ಪುಸ್ತಕವದು. ಅರವತ್ತೆರಡರ ಚೀನಾ ಯುದ್ಧದಲ್ಲಿ, ಮುಖ ಚೀನಾದವರ ಹಾಗಿದೆ ಎಂದು ಅವಳ ಮನೆಯವರನ್ನೆಲ್ಲ ರೈಲಿಗೆ ತುಂಬಿ ರಾಜಸ್ಥಾನದ ಶಿಬಿರದಲ್ಲಿ ಕೂಡಿಹಾಕಿದ ಕಥೆ. ನನ್ನ ಮೊಮ್ಮಗಳು ದಾನೇಶ್ವರಿ ಅರ್ಧ ಓದಿದ್ದಳು. ಅವಳೆದುರೇ ನೀವು ಅಂದಿರಂತೆ: “ಈ ಚೀನಾದವರ ಸುದ್ದಿ ಹಳ್ಳಿ ಹುಡುಗರಿಗೆ ಯಾಕ್ರೀ ಬೇಕು? ಗೊಂಬಿ ಪುಸ್ತಕ ಓದಿದ್ರ ಪಾಸಾಗ್ತಾರೇನ್ರಿ?”

ಗೊಂಬೆ ಪುಸ್ತಕ ನನಗೂ ಸೇರುವುದಿಲ್ಲ. ಆದರೆ ಯಾಕೆ ಬೇಕು ಎಂದು ಕೇಳಿದಿರಲ್ಲ, ಕೇಳಿಸಿಕೊಳ್ಳಿ.

ನಮ್ಮಪ್ಪ ಕುಬೇರಪ್ಪನಿಗೆ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನು ಹುಬ್ಬಳ್ಳಿಯಲ್ಲಿದ್ದ ಒಬ್ಬ ಚೀನಿ ಡಾಕ್ಟರ. ಹುಟ್ಟಿದ್ದು ಇಲ್ಲೇ, ಮಾತೂ ಇಲ್ಲಿನದೇ. “ಬಾಯಿ ತಗೀರಿ ಗೌಡ್ರ, ಜ್ವಾಳ ತುಂಬೋ ಹಗೇವು ತಗದಂಗ ತಗೀರಿ” ಎನ್ನುತ್ತಿದ್ದನಂತೆ. ಯುದ್ಧ ಬಂತು. ಊರ ಹೆಂಗಸರು ದೇಶಕ್ಕೆಂದು ಬಂಗಾರ ಬಿಚ್ಚಿಕೊಟ್ಟರು. ಕಟ್ಟೆಯ ಮೇಲೆ ಕೂತವರು ಅಪ್ಪನಿಗೆ ಗಂಟುಬಿದ್ದರು: “ಏ ಕುಬೇರಪ್ಪ, ವೈರಿ ಹಲ್ಲಿಲೆ ನಮ್ಮ ಜ್ವಾಳದ ರೊಟ್ಟಿ ಕಡೀತಿಯಲ್ಲಲೇ, ನಾಚಿಕಿ ಬರಂಗಿಲ್ಲೇನು?” ಅಪ್ಪ ಅಲ್ಲೇ ಹಲ್ಲು ತೆಗೆದು, ಕಟ್ಟೆಗಲ್ಲಿನ ಮೇಲಿಟ್ಟು ಜಜ್ಜಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನ ಬೊಚ್ಚು ಬಾಯಿ ನೋಡಿ ಕೇಳಿದಳು: “ಇನ್ನ ರೊಟ್ಟಿ ದೇಶ ಅಗದು ಕೊಡತೈತೇನ್ರಿ?”

ಸಾಯುವ ತನಕ ಅಪ್ಪ ನುಚ್ಚು ಮಜ್ಜಿಗೆಯಲ್ಲೇ ಕಳೆದ. ಸಿಟ್ಟಿಳಿದ ಮೇಲೆ ಹೊಸ ಸೆಟ್ಟು ಕಟ್ಟಿಸಲು ಹೋದರೆ ಡಾಕ್ಟರನ ಬಾಗಿಲಿಗೆ ಬೀಗ. “ಹೆಂಡ್ರು ಮಕ್ಕಳ ಸಮೇತ ಪೊಲೀಸರು ಕರಕೊಂಡು ಹೋದ್ರು” ಎಂದನಂತೆ ಬಾಜು ಅಂಗಡಿಯವನು. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ಯಾರೂ ಕೇಳಲಿಲ್ಲ. ಇಷ್ಟು ವರ್ಷದ ಮೇಲೆ ಕೇಳಿದವಳು ದಾನೇಶ್ವರಿ, ಆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು: “ಅಜ್ಜಾ, ಆ ಡಾಕ್ಟರ್ ಮನಿಯವ್ರೂ ಇದ ರೈಲಿನ್ಯಾಗ ಹೋದ್ರೇನು? ಹೊಳ್ಳಿ ಬಂದ್ರೋ ಇಲ್ಲೋ?” ಮುಂದಿನ ಪುಟದಲ್ಲಿ ನೋಡಿ ಹೇಳುತ್ತೇನೆ ಅಂದಿದ್ದಳು. ಮರುದಿನವೇ ನೀವು ಬಂದಿರಿ.

ಮುಖ ನೋಡಿ ವೈರಿ ಅನ್ನುವುದನ್ನು ನಮ್ಮ ಕಟ್ಟೆಯವರು ಯಾವ ಪಠ್ಯದಲ್ಲಿ ಕಲಿತಿದ್ದರು, ಸಾಹೇಬರೇ? ಅವರೆಲ್ಲ ಪಾಸಾಗಿದ್ದರೇನು? ನಮ್ಮಪ್ಪ ದಡ್ಡ, ತನ್ನ ಹಲ್ಲು ತಾನೇ ಜಜ್ಜಿಕೊಂಡ. ನೀವು ಕಲಿತವರು, ಮಕ್ಕಳ ಹಲ್ಲು ಕಿತ್ತಿರಿ.

ಪುಸ್ತಕವನ್ನು ನೀವೇ ತಂದು, ತರಗತಿಯಲ್ಲೇ, ದಾನೇಶ್ವರಿಯ ಕೈಗೆ ಕೊಡಬೇಕು. ಟೀಚರ ಮೇಲಿನ ನೋಟಿಸು ಹಿಂದೆ ತೆಗೆದುಕೊಳ್ಳಬೇಕು. ಆಗುವುದಿಲ್ಲವೆಂದರೆ ಯಾಕೆಂದು ಬರೆದು ಕಳಿಸಿ. ಬರುವ ತಿಂಗಳು ಹತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.

ಇಂತಿ, ತಮ್ಮ ವಿಧೇಯನಲ್ಲದ,
ದೇಶಕ್ಕೆ ಹಲ್ಲು ಕೊಟ್ಟವನ ಮಗ
ಸಿದ್ಧಾರೂಢ