ಚಿಕ್ಕ ಕಾರ್ಡಿನ ಬಯಲು

ಆಳದ ನಾಲ್ಕನೆಯ ಅಂತಸ್ತು,
ಹದಿಮೂರನೆಯ ತಿಂಗಳ ಮೂವತ್ತಾರು, ಫ್ಯಾನು ನಿಲ್ಲದ ಇನ್ನೂರ ಹತ್ತನೆಯ ವರ್ಷ

ಕಾಣದ ಹಿರಿಯನೇ,

ತಾರೀಖು ನೋಡಿ ನಗಬೇಡ. ಸೂರ್ಯನನ್ನು ನೋಡದವರು ವರ್ಷವನ್ನು ತಮಗೆ ಅನುಕೂಲವಾದಂತೆ ಹಂಚಿಕೊಳ್ಳುತ್ತಾರೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಏಕವಚನದಲ್ಲಿ ಕರೆಯುವುದಕ್ಕೂ ಕ್ಷಮೆಯಿರಲಿ. ಕಾಲದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜನ ಮುತ್ತಜ್ಜ. ಆದರೆ ಮೊದಲ ಕಂಪ್ಯೂಟರ್ ಜೋಡಿಸಲು ಹೊರಟವನೆಂದರೆ ಇನ್ನೂ ಮೀಸೆ ಚಿಗುರುತ್ತಿರುವ ವಯಸ್ಸೇ ಇರಬೇಕು. ನನಗೋ ನಲವತ್ತು ದಾಟಿದೆ. ನಮ್ಮಲ್ಲಿ ಹಿಮ್ಮೊಗದ ಅಂಚೆ ಎಂಬುದಿದೆ. ಅದಕ್ಕೆ ವಿಳಾಸ ಬೇಡ. ಒಂದು ಹಳೆಯ ವಸ್ತುವಿಗೆ ಕಾಗದವನ್ನು ತಾಗಿಸಿ ಕೊಟ್ಟರೆ, ಆ ವಸ್ತುವನ್ನು ಮೊದಲು ಕೊಂಡವರ ಕೈಗೆ, ಅವರು ಅದನ್ನು ಕೊಳ್ಳುವ ಮುನ್ನವೇ, ಕಾಗದ ಮುಟ್ಟುತ್ತದೆ. ನಾನು ತಾಗಿಸಿದ್ದು ನನ್ನ ಗ್ರಾಫಿಕ್ಸ್ ಕಾರ್ಡಿಗೆ. ನೀನು ಅದನ್ನು ಇನ್ನೂ ಕೊಂಡಿಲ್ಲ. ಇದು ಬೇಕೋ ಅದು ಬೇಕೋ ಎಂದು ಅಂಗಡಿ ಅಂಗಡಿ ಅಲೆಯುತ್ತಿದ್ದೀಯ.

ನಾವಿರುವುದು ರಾಯಚೂರು ಸೀಮೆಯ ನೆಲದಡಿ, ನಿಮ್ಮವರು ಒಂದು ಕಾಲಕ್ಕೆ ಚಿನ್ನ ಅಗೆದ ಸುರಂಗಗಳಲ್ಲಿ. ಮೇಲೆ ಬದುಕಲಾಗದಷ್ಟು ಸೆಕೆಯಾದಾಗ ಕೆಳಗಿಳಿದವರು ಬಾಗಿಲಿಗೆ ಬೆಸುಗೆ ಹಾಕಿಸಿದರು. ಅದನ್ನು ತೆರೆಯುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಇಲ್ಲಿ ಬಂಡೆಯೇ ಬೆಚ್ಚಗಿರುವುದರಿಂದ ಅಗ್ಗ, ತುಟ್ಟಿ ಎನ್ನುವುದು ನಮಗೆ ದುಡ್ಡಿನ ಮಾತಲ್ಲ, ಬಿಸಿಯ ಮಾತು. ಪ್ರತಿ ಮನೆಗೂ ಒಂದು ಬಿಸಿಪಾಲು ಇರುತ್ತದೆ, ಎಂದರೆ ಆ ಮನೆ ಎಷ್ಟು ಬಿಸಿ ಉಗುಳಬಹುದು ಎಂಬ ಮಿತಿ. ಒಲೆ, ದೀಪ, ಉಸಿರಾಡುವ ಮೈಗಳು ಎಲ್ಲವೂ ಅದರೊಳಗೇ ಹೊಂದಬೇಕು. ರೊಟ್ಟಿ ಬಡಿದ ದಿನ ಸ್ನಾನಕ್ಕೆ ತಣ್ಣೀರೇ ಗತಿ. ಮದುವೆಯ ಮಾತುಕತೆಯಲ್ಲಿ ಮೊದಲು ಕೇಳುವುದು ಹುಡುಗಿಯ ಮೈ ಬಿಸಿಯೋ ತಂಪೋ ಎಂದು. ನನ್ನದು ಬಿಸಿ ಎಂದಾಯಿತು, ಹಾಗಾಗಿ ಅಪ್ಪನ ಜೊತೆಯೇ ಉಳಿದೆ.

ಹೊರಗೆ ಹೋಗಲು ನಮಗಿರುವ ದಾರಿ ಒಂದೇ. ಅದನ್ನು ಬಯಲು ಎನ್ನುತ್ತೇವೆ. ಅದು ನಿಮ್ಮ ಕಾಲದವರು ಮಾಡಿದ ಯಾವುದೋ ಕಂಪ್ಯೂಟರ್ ಆಟ. ಅದರಲ್ಲಿ ಕತ್ತಿ ಹಿಡಿದ ಕಳ್ಳರಿದ್ದರಂತೆ. ನಮ್ಮವರು ಅವರನ್ನೆಲ್ಲ ಅಳಿಸಿ ಹುಲ್ಲು, ಗಾಳಿ, ಕಾಲುದಾರಿ ಇಷ್ಟನ್ನೇ ಉಳಿಸಿಕೊಂಡರು. ಕೆಲಸ ಮುಗಿದ ಮೇಲೆ ಪರದೆಯ ಮುಂದೆ ಕೂತು ಅಲ್ಲಿ ಅಡ್ಡಾಡುತ್ತೇವೆ. ಆದರೆ ಎಲ್ಲರ ಬಯಲೂ ಒಂದೇ ಅಳತೆಯದಲ್ಲ. ಕಾರ್ಡಿಗೆ ಶಕ್ತಿಯಿದ್ದಷ್ಟು ದೂರ ಅದು ಬಿಡಿಸುತ್ತದೆ, ಅದರಾಚೆ ಬಿಳಿ ಮಂಜು. ನಾವು ಮುಂದೆ ಹೋದರೆ ಮಂಜೂ ಮುಂದೆ ಹೋಗುತ್ತದೆ. ದೊಡ್ಡ ಕಾರ್ಡ್ ಇದ್ದವರಿಗೆ ಬಯಲಿನ ಕೊನೆಯವರೆಗೂ ಕಾಣುತ್ತದೆ ಎನ್ನುತ್ತಾರೆ. ಆದರೆ ಅದು ಉರಿಯುವಾಗ ಇನ್ನೊಂದು ಮೈ ಒಳಗೆ ಬಂದರೆ ಬಿಸಿಪಾಲು ಮೀರುತ್ತದೆ; ಹಾಗಾಗಿ ಬೇರೆಯವರ ಮನೆಗೆ ಹೋಗಿ ನೋಡುವ ಹಾಗಿಲ್ಲ.

ಕಾರ್ಡ್ ಆರಿಸುವ ಸರತಿ ಬದುಕಿನಲ್ಲಿ ಒಮ್ಮೆ ಬರುತ್ತದೆ. ಮನೆಯಲ್ಲಿ ಒಂದು ಮೈ ಕಡಿಮೆಯಾದರೆ ಮಾತ್ರ ಬದಲಿಸಿಕೊಳ್ಳಬಹುದು. ನನ್ನ ಸರತಿ ಬಂದಾಗ ಓಣಿಗೆ ಓಣಿಯೇ ಪಂಡಿತರ ಸಭೆಯಾಯಿತು. ಮೆಮೊರಿ ನೋಡು ಎಂದರು, ಮೂರು ಫ್ಯಾನಿನದು ತಗೋ ಎಂದರು. ಬಣ್ಣದ ದೀಪ ಮಿನುಗದಿದ್ದರೆ ಅದೆಂಥ ಕಾರ್ಡು ಎಂದು ಮೂಗು ಮುರಿದವರೂ ಇದ್ದರು. ನಿನ್ನ ಕಾಲದಲ್ಲೂ ಇಂಥವರಿಗೇನೂ ಬರವಿರಲಿಕ್ಕಿಲ್ಲ. ಉಪಯೋಗಕ್ಕೆ ಬರುವ ಮಾತು ಹೇಳಿದವನು ಪಕ್ಕದ ಮನೆಯ ಗದ್ದೆಪ್ಪ ಒಬ್ಬನೇ. ಕಂಪ್ಯೂಟರ್ ಪೆಟ್ಟಿಗೆಯ ಉದ್ದ ಅಳೆದುಕೊಂಡು ಹೋಗು, ಪವರ್ ಸಪ್ಲೈ ಎಷ್ಟು ತಾಳುತ್ತದೆ ನೋಡಿಕೋ, ನಿನ್ನ ಪರದೆ ತೋರಿಸಲಾರದ್ದನ್ನು ಬಿಡಿಸುವ ಕಾರ್ಡಿಗೆ ಬಾಯಿ ಬಿಡಬೇಡ ಎಂದ. ಹೆಂಡತಿ ತೀರಿಕೊಂಡ ವಾರವೇ ಅವನಿಗೆ ದೊಡ್ಡ ಕಾರ್ಡ್ ಬಂದಿತ್ತು. ಅದರಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. "ಅದೊಂದು ಕೇಳಬ್ಯಾಡವಾ" ಎಂದವನೇ ಬಾಗಿಲು ಹಾಕಿಕೊಂಡ.

ಉಗ್ರಾಣದಲ್ಲಿ ಎರಡೇ ಉಳಿದಿದ್ದವು. ಒಂದು ಇಟ್ಟಿಗೆಯಂತೆ ಭಾರವಾದ ದೊಡ್ಡ ಕಾರ್ಡ್. ಇನ್ನೊಂದು ನಿನ್ನದು: ಗಿಡ್ಡ, ಒಂದೇ ಫ್ಯಾನು, ಬೇರೆ ಕರೆಂಟಿನ ವೈರನ್ನೂ ಕೇಳದ್ದು. ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು, ಉರಿಸಿ ನೋಡುವಂತಿಲ್ಲ. ದೊಡ್ಡದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಅದನ್ನು ತಂದರೆ ಅಪ್ಪ ತಳಮನೆಗೆ ಹೋಗಬೇಕು. ತಳಮನೆ ಎಂದರೆ ಎಲ್ಲಕ್ಕಿಂತ ಕೆಳಗಿನ ಸುರಂಗ. ಬಿಸಿಪಾಲಿಗೆ ಹೆಚ್ಚಾದವರನ್ನು ಅಲ್ಲಿಗೆ ಇಳಿಸುತ್ತಾರೆ. ಹತ್ತಿ ಬಂದವರನ್ನು ನಾನು ಕಂಡಿಲ್ಲ. ಅಪ್ಪ ಅಮರಪ್ಪ, ಆಯುಸ್ಸೆಲ್ಲ ಗಾಳಿಯಂತ್ರ ನೋಡಿಕೊಂಡು ಎದೆ ಕೆಡಿಸಿಕೊಂಡವನು. ನಾನು ಹೊರಡುವಾಗಲೇ ಬಟ್ಟೆಯ ಗಂಟು ಕಟ್ಟಿಕೊಂಡು ಕೂತಿದ್ದ. "ದೊಡ್ಡದ ತಗೊಂಡ ಬಾ ಹುಲಿಗೆವ್ವ. ನನ್ನ ಗೆಳ್ಯಾರೆಲ್ಲ ಕೆಳಗ ಅದಾರ, ಮಾತಾಡಾಕ ಮಂದಿ ಸಿಗ್ತಾರ" ಎಂದ. ಹಾಗೆನ್ನುವಾಗ ಅವನ ಕೈ ಮಂಚದ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ನಾನು ನಿನ್ನದನ್ನು ತಂದೆ.

ಜೋಡಿಸುವಾಗ ನಾನು ಮಾಡಿದ ದಡ್ಡತನ ನೀನು ಮಾಡಬೇಡ. ಪರದೆಯ ಕೇಬಲ್ಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿನ ತೂತಿಗೆ ಚುಚ್ಚಿ, ಕಪ್ಪು ಪರದೆಯ ಮುಂದೆ ಕೂತು ಅತ್ತೆ. ಓಣಿಯವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು, ಸಾವಿನ ಮನೆಯಲ್ಲಿ ಆಡುವ ಮಾತನ್ನೆಲ್ಲ ಆಡಿ ಹೋದರು. ಕೊನೆಗೆ ಗದ್ದೆಪ್ಪ ಬಂದು ಕೇಬಲ್ ಕಿತ್ತು ಸರಿಯಾದ ಕಡೆ ಹಾಕಿದ. ಬಯಲು ತೆರೆಯಿತು. ನಲವತ್ತು ಹೆಜ್ಜೆಯಷ್ಟು ಹುಲ್ಲು, ಒಂದು ಬೇಲಿ, ಅರ್ಧ ಮರ, ಆಮೇಲೆ ಬಿಳಿ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಆ ಬೆಳ್ಳಗ ಐತೆಲ್ಲ, ಅದರ ಹಿಂದ ಏನೈತವಾ?" ಎಂದ. ಗೊತ್ತಿಲ್ಲ ಎಂದೆ. ಅಂದಿನಿಂದ ದಿನಾ ಕೇಳುತ್ತಾನೆ, ದಿನಾ ಅದನ್ನೇ ಹೇಳುತ್ತೇನೆ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ದಿನ ನನಗೆ ದೊಡ್ಡ ಕಾರ್ಡ್ ಸಿಗುತ್ತದೆ. ಉಗ್ರಾಣದಲ್ಲಿ ಅದನ್ನು ನನಗೆಂದೇ ತೆಗೆದಿಟ್ಟಿದ್ದಾರೆ. ನಾನು ಕೇಳಿದ್ದಲ್ಲ, ಅದು ಇಲ್ಲಿನ ರೂಢಿ. ಅವನ ಕೆಮ್ಮು ಜೋರಾದಾಗ ನನಗೆ ಹೆದರಿಕೆಯಾಗುತ್ತದೆ. ಆ ಹೆದರಿಕೆಯ ಹಿಂದೆಯೇ ಮರದ ಇನ್ನರ್ಧ ಕಣ್ಣ ಮುಂದೆ ಬರುತ್ತದೆ. ಬೇಡವೆಂದರೂ ಬರುತ್ತದೆ. ಆಗ ನನ್ನ ಮೇಲೆ ನನಗೇ ಅಸಹ್ಯ, ಏನೂ ಮಾಡದ ಅವನ ಮೇಲೆ ಸಿಟ್ಟು. ಎದ್ದು ಹೋಗೋಣವೆಂದರೆ ಹೋಗುವುದಾದರೂ ಎಲ್ಲಿಗೆ? ಇರುವುದು ಒಂದು ಕೋಣೆ. ಅಪ್ಪನಿಗೂ ಇದೆಲ್ಲ ಗೊತ್ತು. ಔಷಧ ಕೊಡಲು ಹೋದರೆ, "ಯಾಕ ಕುಡಸ್ತೀ ಇದನ್ನ? ಮಂಜು ಸರೀಬೇಕಂದ್ರ ಮೊದ್ಲ ನಾ ಸರೀಬೇಕು" ಎನ್ನುತ್ತಾನೆ. ಇಬ್ಬರೂ ನಗುತ್ತೇವೆ. ಗದ್ದೆಪ್ಪ ಯಾಕೆ ಬಾಗಿಲು ಹಾಕಿಕೊಂಡ ಎಂದು ನನಗೆ ಈಗ ತಿಳಿದಿದೆ.

ಆದ್ದರಿಂದ ನೀನು ಆ ಚಿಕ್ಕ ಕಾರ್ಡನ್ನೇ ಕೊಳ್ಳು. ಗೆಳೆಯರು ಹೀಯಾಳಿಸಿದರೆ ಹೀಯಾಳಿಸಲಿ. ನೀನು ಮನಸ್ಸು ಬದಲಿಸಿದರೆ ಉಗ್ರಾಣದಲ್ಲಿ ನನಗೆ ದೊಡ್ಡದೊಂದೇ ಉಳಿದಿರುತ್ತದೆ, ಅಪ್ಪ ಗಂಟು ಹಿಡಿದು ಇಳಿದುಹೋಗಿರುತ್ತಾನೆ. ಕೊಂಡ ಮೇಲೆ ಆಗಾಗ ಧೂಳು ಹೊಡೆ, ನೀರು ಸೋಕಿಸಬೇಡ. ಇನ್ನೊಂದು ಕೋರಿಕೆಯಿದೆ. ಕಾರ್ಡನ್ನು ಪೆಟ್ಟಿಗೆಗೆ ಕೂರಿಸುವ ಮುನ್ನ ನಿನ್ನ ಮನೆಯ ಬಾಗಿಲು ತೆರೆದು ಹೊರಗೆ ನಿಲ್ಲು. ಎಲ್ಲಕ್ಕಿಂತ ದೂರದಲ್ಲಿ ಏನು ಕಾಣುತ್ತದೆ ನೋಡು. ಗುಡ್ಡವೋ, ನೀರಿನ ಟ್ಯಾಂಕೋ, ಯಾರದೋ ಮಹಡಿಯಲ್ಲಿ ಒಣಹಾಕಿದ ಬಟ್ಟೆಯೋ, ಏನಾದರೂ ಸರಿ. ಚಂದ ಮಾಡಿ ಹೇಳಬೇಡ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿ, ಅದರ ಒಳಮೈಗೆ ಅಳಿಸದ ಶಾಯಿಯಲ್ಲಿ ಅದನ್ನು ಬರೆದು ಮತ್ತೆ ಮುಚ್ಚು. ಅಪ್ಪ ಇರುವಾಗಲೇ ಅವನಿಗೆ ಓದಿ ಹೇಳಬೇಕು. ಅವನು ಹೋದ ಮೇಲೆ ಕಾಣುವ ದೂರಕ್ಕಾಗಿ ನಾನು ಕಾಯುತ್ತಾ ಕೂರಬಾರದು.

ಆ ಮುಚ್ಚಳವನ್ನು ನಾನು ಇದುವರೆಗೆ ಬಿಚ್ಚಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಅವನು ಈ ಕಾಗದ ತೆಗೆದುಕೊಂಡು ಹೋದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಅಪ್ಪನ ಪಕ್ಕ ಕೂರುತ್ತೇನೆ. ದಯಮಾಡಿ ಬರೆದಿರು.

ಹುಲಿಗೆವ್ವ