ನಾಲ್ಕು ಗಂಟೆಯ ಮೌನ

ಜನವರಿ 8, ಸೋಮವಾರ

ಡುಲೂತ್ ಊರಿನಲ್ಲಿ ಮೈನಸ್ ಇಪ್ಪತ್ತೆರಡು ಡಿಗ್ರಿ ಚಳಿ. ಕಾರು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಬೆಳಿಗ್ಗೆಯಿಂದ ಆಸ್ಪತ್ರೆಯ ನಾಲ್ಕನೇ ಮಹಡಿಯ ವಾರ್ಡಿನಲ್ಲಿ ನಿಂತು ಎಣಿಸಿದೆ. ನಾನು ರೂಪಿಸಿದ ಅಲರ್ಟ್ — ರಕ್ತಕ್ಕೆ ಸೋಂಕು ಏರುವ ಲಕ್ಷಣ ಕಂಡರೆ ನರ್ಸ್‌ಗಳ ಜೇಬಿನ ಫೋನಿನಲ್ಲಿ ಕೂಗುತ್ತದೆ. ಒಂದೇ ಪಾಳಿಯಲ್ಲಿ ಅರವತ್ತೊಂದು ಸಲ ಕೂಗಿತು. ನಿಜವಾದದ್ದು ಎರಡು.

ಬರ್ನಿ ಬಿಡುತ್ತಾಳೆಯೇ? ಈ ವಾರ್ಡಿನ ಹಿರಿಯ ನರ್ಸ್, ನಾನೂ ನರ್ಸ್ ಆಗಿದ್ದಾಗ ಕೈಹಿಡಿದು ಕೆಲಸ ಕಲಿಸಿದವಳು.

“ತೋಳ ಬಂತು ತೋಳ ಅಂತ ದಿನಾ ಅರವತ್ತು ಸಲ ಕೂಗಿದ್ರೆ ಯಾರೇ ಎದ್ದು ಬರ್ತಾರೆ, ಮಾರ್ಲಿಸ್? ನಮ್ಮನ್ನ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ, ಈಗ ಅಲ್ಲಿಂದ ತಲೆ ತಿಂತೀಯ.”

ಅವಳ ಜೇಬಿನಲ್ಲಿ ಇನ್ನೂ ಅದೇ ನಾಲ್ಕು ಮಡಿಕೆಯ ಕಾಗದ. ಯಾವ ರೋಗಿಯನ್ನು ಎಷ್ಟು ಗಂಟೆಗೆ ಮತ್ತೆ ನೋಡಬೇಕು, ಎಲ್ಲ ಅದರಲ್ಲಿ.

“ಅದನ್ನ ಬಿಡೇ ಸಾಕು,” ಅಂದೆ. “ಮೆಷಿನ್ನೇ ನೆನಪಿಟ್ಕೊಳ್ಳುತ್ತೆ.”

ಜನವರಿ 12, ಶುಕ್ರವಾರ

ನರ್ಸ್ ‘ನೋಡಿದೆ’ ಒತ್ತಿದರೆ ಆ ರೋಗಿಯ ಅಲರ್ಟ್ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆಸ್ಪತ್ರೆಯ ಸಮಿತಿ ಒಪ್ಪಿದ್ದು ಒಂದು ಗಂಟೆ. ಸಾಲದು ಅನಿಸಿತು. ನಾಲ್ಕು ಮಾಡಿದೆ. ಸೋಮವಾರ ಅವರಿಗೆ ಹೇಳಿದರಾಯಿತು.

ಜನವರಿ 17

ಪಾಳಿಗೆ ಅಲರ್ಟ್ ಹದಿನಾಲ್ಕಕ್ಕೆ ಇಳಿದಿದೆ! ಬರ್ನಿ ಜೇಬು ಹೊರಗೆಳೆದು ತೋರಿಸಿದಳು — ಖಾಲಿ, ಕಾಗದವಿಲ್ಲ. “ಗೆದ್ದೆ ಕಣೇ ನೀನು.” ಕಾಡಕ್ಕಿ ಸೂಪು ತಂದಿದ್ದಳು, ಇಬ್ಬರೂ ಒಂದೇ ಡಬ್ಬಿಯಲ್ಲಿ ಕುಡಿದೆವು. ಸಮಿತಿಗೆ ಇನ್ನೂ ಹೇಳಿಲ್ಲ. ಹೊಗಳುತ್ತಿದ್ದರು, ಕೇಳುತ್ತ ಕೂತೆ.

ಫೆಬ್ರವರಿ 6, ಸಂಜೆ

ಟ್ವೇಟ್ ತೀರಿಕೊಂಡರು. ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಮುದುಕರು, ಮೊಣಕಾಲಿನ ಆಪರೇಷನ್‌ಗೆಂದು ಬಂದಿದ್ದರು. ನಿನ್ನೆ ಬೆಳಿಗ್ಗೆ 10:14ಕ್ಕೆ ಅಲರ್ಟ್. ಬರ್ನಿ ‘ನೋಡಿದೆ’ ಒತ್ತಿ ಡಾಕ್ಟರಿಗೆ ಫೋನ್ ಮಾಡಿದಳು. ಗಮನಿಸುತ್ತಿರಿ ಅಂದರಂತೆ. ಅವಳಿಗೆ ಇನ್ನೂ ಐವರು ರೋಗಿಗಳು. 11:40ಕ್ಕೆ ಬಿಪಿ ಕುಸಿಯಿತು. ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಅಳೆಯಿತು, ಮೆಷಿನ್ ಬರೆದುಕೊಂಡಿತು. ಕೂಗಲಿಲ್ಲ. ಕೂಗಿದ್ದು ಮಧ್ಯಾಹ್ನ 2:14ಕ್ಕೆ, ನಾಲ್ಕು ಗಂಟೆ ಮುಗಿದ ಮೇಲೆ.

ಮೆಷಿನ್ ಬರೆದಿಟ್ಟ ಲಾಗ್ ಮೂರು ಸಲ ಓದಿದೆ. ಅದನ್ನು ಓದಲು ಬರುವುದು ಇಲ್ಲಿ ನನಗೊಬ್ಬಳಿಗೇ.

ಫೆಬ್ರವರಿ 9

ವಿಚಾರಣೆ. ಒಂದು ಗಂಟೆಯ ಲೆಕ್ಕವೇ ಎಲ್ಲರ ತಲೆಯಲ್ಲಿ. ಹನ್ನೊಂದು ನಲವತ್ತಕ್ಕೆ ಕೂಗಿರಲೇಬೇಕು, ಯಾಕೆ ಹೋಗಲಿಲ್ಲ ಎಂದು ಬರ್ನಿಯನ್ನು ಕೇಳಿದರು.

“ಕೂಗಿರಬೇಕು. ನಂಗೆ ಕೇಳಿಸ್ಲಿಲ್ಲ. ಕಾಗದ ಇದ್ದಿದ್ರೆ ಹನ್ನೊಂದಕ್ಕೆ ನೋಡು ಅಂತ ಬರ್ಕೊಂಡಿರ್ತಿದ್ದೆ. ತಪ್ಪು ನಂದೇ.”

ನನ್ನತ್ತ ತಿರುಗಿದರು. “ಲಾಗ್ ಇನ್ನೊಮ್ಮೆ ನೋಡ್ತೀನಿ,” ಅಂದೆ. ವಿಚಾರಣೆ ಮುಗಿಯುವವರೆಗೆ ಬರ್ನಿಯನ್ನು ಮನೆಗೆ ಕಳಿಸಿದರು. ಮೂವತ್ತೊಂದು ವರ್ಷದ ಕೆಲಸ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 21

ಹೇಳಿಬಿಡೋಣವೆಂದೇ ಅವಳ ಮನೆಗೆ ಹೋದೆ. ಕಾಫಿ ಕೊಟ್ಟಳು.

“ಕಿವಿ ಪರೀಕ್ಷೆ ಮಾಡಿಸ್ಕೊಂಡೆ ಕಣೇ. ಚೆನ್ನಾಗೇ ಇದೆಯಂತೆ.” ಲೋಟ ಕೆಳಗಿಟ್ಟಳು. “ಹಾಗಾದ್ರೆ ನಂಗ್ಯಾಕೆ ಕೇಳಿಸ್ಲಿಲ್ಲ, ಮಾರ್ಲಿಸ್?”

ಕಾಫಿ ಕುಡಿದು ಬಂದೆ. ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತೆ.

ಫೆಬ್ರವರಿ 23, ಬೆಳಿಗ್ಗೆ 9:50

ಎರಡನೇ ವಿಚಾರಣೆ. ಟ್ವೇಟ್ ಅವರ ಮಗಳೂ ಬಂದಿದ್ದಾಳೆ. ಬರ್ನಿ ಒಳಗೆ, ಕೋಟು ಬಿಚ್ಚದೆ ಕೂತಿದ್ದಾಳೆ. ನಾನು ಹೊರಗೆ ಬೆಂಚಿನ ಮೇಲೆ. ಇವತ್ತು ನೋಟ್‌ಬುಕ್ಕಿನಲ್ಲಲ್ಲ, ಅದರಿಂದ ಹರಿದ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಮಡಿಸಿದ್ದೇನೆ, ಅವಳು ಕಲಿಸಿದ ಹಾಗೆ. ಒಳಗೆ ಹೋದ ಮೇಲೆ ಮರೆತೆ ಅನ್ನುವ ಹಾಗಿರಬಾರದು.

ಮೊದಲು ಹೇಳಬೇಕಾದದ್ದು: ಒಂದನ್ನು ನಾಲ್ಕು ಮಾಡಿದವಳು ನಾನು. ಯಾರಿಗೂ ಹೇಳಲಿಲ್ಲ.

ನನ್ನ ಹೆಸರು ಕರೆಯುತ್ತಿದ್ದಾರೆ. ಆಮೇಲೆ, ಅವಳ ಕಡೆ ತಿರುಗಿ — ಬರ್ನಿ, ಅದು ಕೂಗಲೇ ಇಲ್ಲ —