ಎಡ ಭುಜದ ಕಾಲಿಂಚು

೧೪ ಜೂನ್, ಭಾನುವಾರ

ಪ್ರೀತಿಯ ತಂಗಿಗೆ,

ಅಕ್ಕನ ತುಂಬುಮನಸ್ಸಿನ ಹಾರೈಕೆಗಳು. ಬೇಗ ಬರೆಯಬೇಕೆಂದಿದ್ದೆ. ಶಾಲೆ ಶುರುವಾಗುವ ಹೊತ್ತು, ಸಮವಸ್ತ್ರದ ರಾಶಿಯಿಂದ ತಲೆ ಎತ್ತಲು ಪುರಸೊತ್ತಾಗಲಿಲ್ಲ, ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ನಿನ್ನ ಭಾವ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ, "ಅಕ್ಕ ತಂಗೀರ ಮಧ್ಯೆ ನಾನು ತಲೆ ಹಾಕಲ್ಲಪ್ಪಾ" ಎನ್ನುತ್ತಾರೆ. ಹಾಗೆನ್ನುತ್ತಲೇ ದಿನವೂ ತಲೆ ಹಾಕುತ್ತಾರೆ.

ನಿನ್ನ ಮಗಳಿಗೆ ಹೊಲಿದ ಆ ಫ್ರಾಕಿನ ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ಅಳತೆಯಲ್ಲಿ ಎರಡೂ ಭುಜ ಸಮವಾಗಿಯೇ ಇತ್ತು. ಕತ್ತರಿ ಹಿಡಿದ ಕೈ ಮಾತ್ರ, ನನ್ನ ಇಳಿಭುಜಕ್ಕೆಂದು ನನ್ನ ಬಟ್ಟೆಗೆ ಮಾಡುವ ಹಾಗೇ, ಎಡ ಭುಜವನ್ನು ಕಾಲಿಂಚು ಇಳಿಸಿಬಿಟ್ಟಿತು. ಅವತ್ತು ನಿಮ್ಮ ಮನೆಯಲ್ಲಿ ನಿನ್ನ ಅತ್ತೆ ಅದನ್ನು ಮಗುವಿಗೆ ತೊಡಿಸಿ, "ಅಂಗಡಿ ಬಟ್ಟೆಯೆಲ್ಲ ಜಾರ್ತಿತ್ತು, ಇದು ನೋಡು ಹೇಗೆ ಕೂತಿದೆ!" ಎಂದಾಗ ನಾನು ಉಬ್ಬಿಹೋಗಿ, "ನನ್ನ ಭುಜಾನೂ ಹೀಗೇ ಅಲ್ವಾ" ಅಂದುಬಿಟ್ಟೆ. ನಿನ್ನ ಮುಖ ಬಾಡಿತು. ಅವರಿಗೆ ಏನೂ ಹೊಳೆಯಲಿಲ್ಲ ಕಣೇ. ಚಹಾ ಆರಿಹೋಯಿತು ಎಂದು ಗೊಣಗುತ್ತಾ ಒಳಗೆ ಹೋದರು.

ನಾನು ನಿನಗೆ ಅಂಡಾಣು ಕೊಟ್ಟದ್ದು ನಮ್ಮಿಬ್ಬರ, ನಮ್ಮ ಗಂಡಂದಿರ ನಡುವೆಯೇ ಇರಲಿ ಎಂದು ನೀನು ಕೇಳಿದ್ದೆ. ಒಪ್ಪಿದ್ದೆ, ಇವತ್ತಿಗೂ ಬಾಯಿಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಗೆ ಸೂಜಿ ಚುಚ್ಚಿದರೆ ಅಳುತ್ತಿದ್ದವಳು ನೀನು. "ದಿನವಿಡೀ ಸೂಜಿ ಹಿಡಿಯೋಳಿಗೆ ಸೂಜಿ ಭಯಾನಾ, ಸುಮ್ನಿರೇ" ಎಂದು ನಾನೇ ಸಮಾಧಾನ ಮಾಡಬೇಕಾಯಿತು. ಆಮೇಲೆ ಹೊತ್ತವಳು ನೀನು, ಹೆತ್ತವಳು ನೀನು. ಅವಳು ನಿನ್ನ ಮಗಳು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಆ ಪುಟ್ಟ ಭುಜ ಕಂಡು ಖುಷಿಯಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು.

ಶಾಲೆಯ ಅಂಗಿಯನ್ನು ಇದರ ಜೊತೆ ಕಳಿಸಿದ್ದೇನೆ. ಈ ಸಲ ಎರಡೂ ಭುಜ ಸಮ ಮಾಡಿದ್ದೇನೆ. ಜಾರಿದರೆ ಒಳಗಿನಿಂದ ಒಂದು ಪಿನ್ನು ಹಾಕು. ಚಿನಕುರುಳಿಗೆ ಮುತ್ತು. ನಿಮ್ಮ ಮನೆ ನಗುನಗುತ್ತಾ ಇರಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ನಿನ್ನೆ ಫೋನ್ ಎತ್ತಿದವಳು ಅವಳೇ. "ದೊಡ್ಡಮ್ಮಾ" ಎಂದು ಕೂಗಿದಳು. ಹಿಂದಿನಿಂದ ನೀನು, "ಆಂಟಿ ಅನ್ನು ಪುಟ್ಟಿ" ಎಂದದ್ದು ಕೇಳಿಸಿತು. ನಾನು ಏನೂ ಕೊಡದೇ ಇದ್ದಿದ್ದರೂ ನಿನ್ನ ಮಗುವಿಗೆ ದೊಡ್ಡಮ್ಮನೇ ಆಗಿರುತ್ತಿದ್ದೆನಲ್ಲವೇನೇ? ಅಷ್ಟನ್ನಾದರೂ ನನಗೆ ಬಿಡು.